ಬರ್ಗರಿಗೂ ಬುತ್ತಿಯ ಬುದ್ಧಿ ಬೇಕು

ಇಡ್ಲಿ ಪಾರ್ಸೆಲ್ ತಾಳುತ್ತದೆ, ಮಸಾಲೆ ದೋಸೆ ತಾಳುವುದಿಲ್ಲ. ಬೆಂಗಳೂರಿನಲ್ಲಿ ನಾಲ್ಕು ದಿನ ಹೋಟೆಲ್ ತಿಂಡಿ ತಿಂದವರಿಗೆಲ್ಲ ಇದು ಗೊತ್ತು. ಇಡ್ಲಿ ಹುಟ್ಟುವುದೇ ಹಬೆಯಲ್ಲಿ. ಇನ್ನಷ್ಟು ಹೊತ್ತು ಹಬೆಯಲ್ಲೇ ಕೂತರೂ ಅದಕ್ಕೆ ನಷ್ಟವಿಲ್ಲ. ದೋಸೆಯ ಗರಿಗರಿಯಾದರೋ ಕಾವಲಿಯಿಂದ ಎದ್ದ ಕೆಲವೇ ನಿಮಿಷಗಳದ್ದು. ಸುತ್ತಿ ಕಟ್ಟಿದ ಕೂಡಲೇ ಅದರ ಉಗಿಯೇ ಅದನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ಹಳೆಯ ಗಿರಾಕಿಗಳು ಮನೆಗೆ ಇಡ್ಲಿ ಕಟ್ಟಿಸಿಕೊಳ್ಳುತ್ತಾರೆ, ದೋಸೆಯನ್ನು ಅಲ್ಲೇ ಕೂತು ತಿಂದು ಬರುತ್ತಾರೆ.

ಬರ್ಗರ್ ಈ ಎರಡರಲ್ಲಿ ಯಾವ ಸಾಲಿಗೆ ಸೇರುತ್ತದೆ? ಈ ಪ್ರಶ್ನೆಯನ್ನು ಈಗ ಕೇಳಲೇಬೇಕಾಗಿದೆ. ಊರಿನ ಬಹುಪಾಲು ಕಾಫಿ ಶಾಪ್‌ಗಳ ಮೆನುವಿನಲ್ಲಿ ಕಾಫಿಯ ಪಟ್ಟಿ ಮುಗಿದ ಮೇಲೆ ಬರ್ಗರ್ ಬಂದು ಕೂತಿದೆ. ಅಲ್ಲೇ ಕೂತು ತಿನ್ನುವವರಿಗಿಂತ ಡಬ್ಬಿಯಲ್ಲಿ ಹಾಕಿಸಿಕೊಂಡು ಹೋಗುವವರು ಎದ್ದು ಕಾಣುತ್ತಾರೆ. ಸ್ಕೂಟರಿನ ಹಿಂದೆ ಚೌಕದ ಚೀಲ ಕಟ್ಟಿಕೊಂಡ ಹುಡುಗರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಇಷ್ಟು ಜನ ಇಷ್ಟು ದೂರ ಹೊತ್ತೊಯ್ಯುವ ತಿಂಡಿಯನ್ನು ಹೊತ್ತೊಯ್ಯುವುದಕ್ಕೆ ತಕ್ಕಂತೆ ಮಾಡುತ್ತಿದ್ದೇವೆಯೇ?

ಮುಚ್ಚಳ ತೆಗೆದಾಗ

ಈಚೆಗೆ ಒಂದು ಸಂಜೆ ದಕ್ಷಿಣ ಬೆಂಗಳೂರಿನ ಕಾಫಿ ಶಾಪೊಂದಕ್ಕೆ ಹೋಗಿ ತರಕಾರಿ ಬರ್ಗರ್ ಮತ್ತು ಕೋಲ್ಡ್ ಕಾಫಿ ಹೇಳಿದೆ. ಕೌಂಟರಿನಲ್ಲಿದ್ದ ಹುಡುಗ ಸಿಂಧನೂರು ಕಡೆಯವನು. "ಇಲ್ಲೇ ತಿಂತೀರೇನ್ರಿ ಸರ, ಪಾರ್ಸಲ್ಲೇನ್ರಿ?" ಎಂದು ಕೇಳಿದ. ಪಾರ್ಸೆಲ್ ಎಂದಾಗ ಒಂದು ಕ್ಷಣ ತಡೆದು, "ಇಲ್ಲೇ ತಿಂದ್ರ ಛಲೋ ಇರ್ತದ್ರಿ. ಒಯ್ಯೂದಾದ್ರ ಡಬ್ಬಿ ಮುಚ್ಚಳ ಸ್ವಲ್ಪ ತೆರೆದಿಡ್ರಿ, ಬನ್ ಬೆವರ್ತದ" ಎಂದ. ಮಾರುವವನೇ ಕೊಳ್ಳುವವನಿಗೆ ಹೇಳಿದ ಆ ಪ್ರಾಮಾಣಿಕ ಮಾತಿಗೆ ನನಗೆ ಅವನ ಮೇಲೆ ಗೌರವ ಹುಟ್ಟಿತು.

ಆದರೆ ಸಂಜೆಯ ಟ್ರಾಫಿಕ್ಕಿನಲ್ಲಿ, ಆಟೋದಲ್ಲಿ, ತೆರೆದ ಡಬ್ಬಿ ಹಿಡಿದು ಕೂರುವುದು ಕಷ್ಟ. ಮುಚ್ಚಿಕೊಂಡೇ ಬಂದೆ. ಮನೆಯಲ್ಲಿ ಮುಚ್ಚಳ ತೆಗೆದರೆ ಅದರ ಒಳಮೈ ತುಂಬ ನೀರ ಹನಿ. ಮೇಲಿನ ಬನ್ನಿನ ಹೊಳಪು ಅಳಿಸಿ ಸುಕ್ಕುಗಟ್ಟಿತ್ತು. ಕೆಳಗಿನ ಬನ್ನು ಪ್ಯಾಟಿಯ ಭಾರಕ್ಕೂ ಸಾಸಿನ ತೇವಕ್ಕೂ ಸೋತು ಕಾಗದಕ್ಕೆ ಅಂಟಿಕೊಂಡಿತ್ತು. ಲೆಟ್ಯೂಸ್ ಎಲೆ ಬಾಡಿ ಕಪ್ಪು ಹಸಿರಾಗಿತ್ತು. ಟೊಮೆಟೊ ಬಿಲ್ಲೆ ಬಿಸಿಯಾಗಿತ್ತು, ತಣ್ಣಗಿರಬೇಕಾದ ಕಾಫಿಯ ಲೋಟ ಬೆವತು ಚೀಲದ ತಳವನ್ನು ತೋಯಿಸಿತ್ತು.

ಹಾಗಂತ ಬರ್ಗರ್ ಕೆಟ್ಟದಾಗಿರಲಿಲ್ಲ. ಪ್ಯಾಟಿಯ ನಡುಭಾಗವನ್ನು ಮುರಿದು ಬಾಯಿಗಿಟ್ಟರೆ ಆಲೂಗಡ್ಡೆ, ಬಟಾಣಿ, ಬೀನ್ಸ್ ಹದವಾಗಿ ಬೆಂದಿದ್ದವು. ಮೆಣಸಿನ ಖಾರ ಸರಿಯಾಗಿತ್ತು, ಉಪ್ಪು ಹೆಚ್ಚಿರಲಿಲ್ಲ. ಯಾರೋ ಮನಸ್ಸಿಟ್ಟು ಮಾಡಿದ ತಿಂಡಿ ಅದು. ಅಂಗಡಿಯ ತಟ್ಟೆಯಲ್ಲಿ ಖಂಡಿತ ರುಚಿಸುತ್ತಿತ್ತು. ದಾರಿಯ ಅರ್ಧ ಗಂಟೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಾಫಿ ಅಂಗಡಿಗೆ ಬನ್ನು ಬಂದ ಬಗೆ

ಕಾಫಿಯ ಜೊತೆ ಏನಾದರೂ ತಿನ್ನುವುದು ಈ ಊರಿಗೆ ಹೊಸದಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಿರುವ ನಮ್ಮ ರಾಜ್ಯವೇ. ಬ್ರಿಟಿಷರ ಕಾಲದಲ್ಲಿ ಕಾಫಿಯ ಪ್ರಚಾರಕ್ಕೆಂದು 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. 1950ರ ದಶಕದಲ್ಲಿ ಕಾಫಿ ಬೋರ್ಡ್ ಈ ಮಳಿಗೆಗಳನ್ನು ಮುಚ್ಚಲು ಹೊರಟಾಗ, ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ನಡೆಸಲು ಮುಂದಾದರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯಲ್ಲಿ ದಶಕಗಟ್ಟಲೆ ಇದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಕಾಫಿ ಹೌಸಿನಲ್ಲಿ ಕಟ್ಲೆಟ್ಟು, ಆಮ್ಲೆಟ್ಟು, ಟೋಸ್ಟು ಕಾಫಿಯ ಸಂಗಾತಿಗಳು. ಅವೆಲ್ಲ ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ಬರುತ್ತಿದ್ದವು.

ಬರ್ಗರಿನ ಕಾಲ ಆರಂಭವಾದದ್ದು 1996ರ ಆಸುಪಾಸಿನಲ್ಲಿ. ಆ ವರ್ಷದ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘದ ಕಾರ್ಯಕರ್ತರು ಬ್ರಿಗೇಡ್ ರಸ್ತೆಯ ಕೆಎಫ್‌ಸಿ ಮಳಿಗೆಗೆ ನುಗ್ಗಿ ಪ್ರತಿಭಟಿಸಿದ್ದರು. ನಮ್ಮ ತಟ್ಟೆಯನ್ನು ಯಾರು ತುಂಬಬೇಕು, ಅದರಿಂದ ನಮ್ಮ ರೈತನಿಗೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಅದೇ ವರ್ಷ, ಅದೇ ಬ್ರಿಗೇಡ್ ರಸ್ತೆಯಲ್ಲಿ, ಚಿಕ್ಕಮಗಳೂರಿನ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಅಕ್ಟೋಬರಿನಲ್ಲಿ ದಿಲ್ಲಿಯ ವಸಂತ ವಿಹಾರದಲ್ಲಿ ಮೆಕ್‌ಡೊನಾಲ್ಡ್ಸ್ ಭಾರತದ ತನ್ನ ಮೊದಲ ಬಾಗಿಲು ತೆಗೆಯಿತು. ಅಮೆರಿಕದಲ್ಲಿ ದನದ ಮಾಂಸದಿಂದಲೇ ಹೆಸರಾದ ತಿಂಡಿ ಇಲ್ಲಿ ಅದನ್ನು ಬಿಟ್ಟೇ ಬರಬೇಕಾಯಿತು. ಆಮೇಲೆ ಆಲೂ ಟಿಕ್ಕಿ ಬನ್ನಿನೊಳಗೆ ಸೇರಿ ಮನೆಮಾತಾಯಿತು. ಕಾಫಿ ಹೌಸಿನ ಕಟ್ಲೆಟ್ಟಿಗೂ ಆಲೂ ಟಿಕ್ಕಿಗೂ ಅಂತರ ದೊಡ್ಡದಲ್ಲ. ಕಾಫಿ ಶಾಪ್‌ಗಳಿಗೆ ಬರ್ಗರ್ ಸಲೀಸಾಗಿ ಒಗ್ಗಿಕೊಳ್ಳಲು ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಒಗ್ಗದೆ ಉಳಿದದ್ದು ಅಡುಗೆಮನೆ. ಕಾಫಿ ಶಾಪಿನ ಜಾಗವನ್ನೆಲ್ಲ ಕಾಫಿ ಯಂತ್ರ, ಬೀಜ ಪುಡಿ ಮಾಡುವ ಯಂತ್ರ, ಕುರ್ಚಿ, ಸೋಫಾಗಳು ಹಿಡಿದಿರುತ್ತವೆ. ದೊಡ್ಡ ಒಲೆಯಿಲ್ಲ, ಹೊಗೆ ಎಳೆಯುವ ಚಿಮಣಿಯಿಲ್ಲ. ಸರಣಿ ಮಳಿಗೆಗಳಲ್ಲಿ ಸಾಮಾನ್ಯವಾಗಿ ಪ್ಯಾಟಿ ಬೇರೆಡೆಯ ದೊಡ್ಡ ಅಡುಗೆಮನೆಯಲ್ಲಿ ಅರ್ಧ ಕರಿದು, ತಣ್ಣಗೆ ಮಾಡಿ ಬರುತ್ತದೆ. ಅಂಗಡಿಯಲ್ಲಿ ಓವನ್ನಿನಲ್ಲೋ ಮೈಕ್ರೋವೇವಿನಲ್ಲೋ ಬಿಸಿಯಾಗಿ ಬನ್ನಿನೊಳಗೆ ಕೂರುತ್ತದೆ. ತಕ್ಷಣ ತಿಂದರೆ ಈ ಏರ್ಪಾಡು ಸಾಕು. ಮುಚ್ಚಳ ಹಾಕಿದಾಗ ಕಥೆ ಬದಲಾಗುತ್ತದೆ.

ಡಬ್ಬಿಯೊಳಗೆ ನಡೆಯುವುದು

ಒಂದು ಗ್ರಾಂ ನೀರು ಪೂರ್ತಿ ಉಗಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಬಿಸಿ ಪ್ಯಾಟಿ ಬಿಡುವ ಅಲ್ಪ ಹಬೆಯೂ ಅಂಗೈಯಗಲದ ಡಬ್ಬಿಯನ್ನು ತುಂಬಿಬಿಡಬಲ್ಲದು. ಹೊರಗಿನ ಗಾಳಿಗೆ ತಂಪಾದ ಮುಚ್ಚಳಕ್ಕೆ ತಾಗಿ ಅದು ಮತ್ತೆ ನೀರಾಗುತ್ತದೆ, ಬನ್ನಿನ ಮೇಲೆ ತೊಟ್ಟಿಕ್ಕುತ್ತದೆ. ಕರಿದ ಪ್ಯಾಟಿಯ ಹೊರಪದರ ಒಣಗಿರುವುದರಿಂದಲೇ ಗರಿಗರಿ ಎನಿಸುತ್ತದೆ. ಒಳಗಿನ ತೇವ ಹೊರಗೆ ಬರುತ್ತ, ಹೊರಗಿನ ಹಬೆ ಒಳಗೆ ಇಳಿಯುತ್ತ, ಆ ಒಣಪದರ ಕರಗಿಹೋಗುತ್ತದೆ.

ತರಕಾರಿಯ ಪಾಡು ಇನ್ನೊಂದು. ಲೆಟ್ಯೂಸ್, ಸೌತೆಕಾಯಿ, ಟೊಮೆಟೊ ಮೂರರಲ್ಲೂ ತೂಕದ ಶೇ 94ಕ್ಕಿಂತ ಹೆಚ್ಚು ನೀರೇ. ಉಪ್ಪು ತಾಗಿದರೆ ನೀರು ಬಿಡುತ್ತವೆ, ಬಿಸಿ ತಾಗಿದರೆ ಬಾಡುತ್ತವೆ. ಬರ್ಗರಿನೊಳಗೆ ಉಪ್ಪಿನ ಸಾಸೂ ಇದೆ, ಬಿಸಿ ಪ್ಯಾಟಿಯೂ ಇದೆ. ಎಲೆ ನೇರವಾಗಿ ಪ್ಯಾಟಿಯ ಮೇಲೆ ಕೂತರೆ ಅದು ದಾರಿಯಲ್ಲೇ ಬೆಂದ ಸೊಪ್ಪು.

ಬನ್ನಿಗೆ ತನ್ನದೇ ಸಂಕಟ. ಬ್ರೆಡ್ಡಿನ ಪಿಷ್ಟ ತಣ್ಣಗಾಗುತ್ತ ಗಟ್ಟಿಯಾಗುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಈ ಕೆಲಸ ಹೊರಗಿಗಿಂತ ಬೇಗ ನಡೆಯುತ್ತದೆ. ಬ್ರೆಡ್ಡು ಬೇಗ ಬೂಸ್ಟು ಹಿಡಿಯಬಾರದೆಂದು ಫ್ರಿಜ್ಜಿನಲ್ಲಿಟ್ಟವರು ಅದು ಒರಟಾಗುವುದನ್ನು ಕಂಡಿರುತ್ತಾರೆ. ಅಂಥ ಬನ್ನನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಒಂದೆರಡು ನಿಮಿಷ ಹತ್ತಿಯಂತಿರುತ್ತದೆ, ಆರಿದ ಮೇಲೆ ಹಲ್ಲಿಗೆ ಜಗ್ಗುತ್ತದೆ. ಡಬ್ಬಿಯಲ್ಲಿ ಬಂದ ಬನ್ನು ಹೊರಗೆ ಒದ್ದೆ, ಒಳಗೆ ಜಗ್ಗು ಆಗಿರುವುದು ಈ ಎರಡೂ ಸೇರಿದ್ದರಿಂದ.

ಡಬ್ಬಿಯೂ ಈಚಿನ ವರ್ಷಗಳಲ್ಲಿ ಬದಲಾಗಿದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಂಥ ವಸ್ತುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆ ಪ್ಲಾಸ್ಟಿಕ್‌ನ ಹಲವು ವಸ್ತುಗಳಿಗೆ ದೇಶವ್ಯಾಪಿ ನಿಷೇಧ ಬಂತು. ಈಗ ಕೈಗೆ ಬರುವುದು ಹೆಚ್ಚಾಗಿ ರಟ್ಟಿನ ಡಬ್ಬಿ, ಇಲ್ಲವೇ ಕಬ್ಬಿನ ಸಿಪ್ಪೆಯಿಂದ ಒತ್ತಿದ ಡಬ್ಬಿ. ಪರಿಸರಕ್ಕೆ ಇದು ಒಳ್ಳೆಯದೇ. ರಟ್ಟು ತಾನೇ ಒಂದಿಷ್ಟು ತೇವ ಹೀರುವುದರಿಂದ ಬರ್ಗರಿಗೂ ಒಳ್ಳೆಯದಾಗಬಹುದಿತ್ತು. ಆದರೆ ಎಣ್ಣೆ ಸೋರದಿರಲೆಂದು ಒಳಗೆ ಬಳಿದ ಲೇಪ ಉಗಿಯನ್ನೂ ತಡೆಯುತ್ತದೆ. ಹಬೆ ಹೋಗಲು ಪಕ್ಕದಲ್ಲಿ ನಾಲ್ಕು ತೂತು ಕೊರೆಯುವಷ್ಟು ಸರಳ ಕೆಲಸವನ್ನೂ ಎಷ್ಟೋ ಡಬ್ಬಿಗಳಲ್ಲಿ ಮಾಡಿರುವುದಿಲ್ಲ.

ದಾರಿಗೆಂದೇ ಮಾಡಿದವರು

ದಾರಿಯನ್ನು ಲೆಕ್ಕಕ್ಕೆ ಹಿಡಿದು ಬರ್ಗರ್ ಮಾಡಿದವರು ಇಲ್ಲದಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ 1921ರಲ್ಲಿ ವಾಲ್ಟರ್ ಆ್ಯಂಡರ್ಸನ್ ಮತ್ತು ಬಿಲ್ಲಿ ಇಂಗ್ರಾಮ್ ಸೇರಿ ವೈಟ್ ಕ್ಯಾಸಲ್ ಎಂಬ ಅಂಗಡಿ ತೆರೆದರು. ಬರ್ಗರ್ ಸರಣಿ ಮಳಿಗೆಗಳಿಗೆ ಅದೇ ಮೊದಲು. ಒಂದಕ್ಕೆ ಐದು ಸೆಂಟ್. ಚೀಲಗಟ್ಟಲೆ ಕೊಂಡೊಯ್ಯಿರಿ ಎಂಬುದೇ ಅವರ ಜಾಹೀರಾತು. ಅಲ್ಲಿನ ಬರ್ಗರ್ ಪುಟ್ಟದು, ಚೌಕದ್ದು. ಈರುಳ್ಳಿ ಹಾಸಿದ ಮೇಲೆ ತೆಳ್ಳನೆಯ ಮಾಂಸದ ಬಿಲ್ಲೆ, ಅದರ ಮೇಲೇ ಬನ್ನು. ಈರುಳ್ಳಿಯಿಂದ ಏಳುವ ಹಬೆಯಲ್ಲೇ ಎಲ್ಲ ಬೇಯುತ್ತದೆ. ಹಬೆಯಲ್ಲಿ ಮೆತ್ತಗಾದ ಬನ್ನಿಗೆ ಚೀಲದೊಳಗಿನ ಹಬೆ ಏನು ಮಾಡೀತು? ನಮ್ಮ ಇಡ್ಲಿಯ ಜಾಣತನವೇ ಅಲ್ಲೂ ಕೆಲಸ ಮಾಡಿದೆ.

1980ರ ದಶಕದಲ್ಲಿ ಮೆಕ್‌ಡೊನಾಲ್ಡ್ಸ್ ಇನ್ನೊಂದು ದಾರಿ ಹಿಡಿಯಿತು. ಎರಡು ಗೂಡಿನ ಡಬ್ಬಿ ಮಾಡಿ, ಒಂದರಲ್ಲಿ ಬಿಸಿ ಮಾಂಸ ಮತ್ತು ಕೆಳಗಿನ ಬನ್ನು, ಇನ್ನೊಂದರಲ್ಲಿ ತಣ್ಣನೆಯ ಲೆಟ್ಯೂಸ್, ಟೊಮೆಟೊ ಇಟ್ಟು ಮಾರಿತು. ತಿನ್ನುವವರೇ ಎರಡನ್ನೂ ಮಡಚಿ ಕೂಡಿಸಬೇಕು. ಯೋಚನೆ ಸರಿಯಾಗಿಯೇ ಇತ್ತು. ಡಬ್ಬಿ ಮಾತ್ರ ಮಣ್ಣಲ್ಲಿ ಕರಗದ ಪಾಲಿಸ್ಟೈರೀನ್ ಫೋಮಿನದು. ಪರಿಸರವಾದಿಗಳ ವಿರೋಧ ಬೆಳೆದು 1990ರಲ್ಲಿ ಕಂಪನಿ ಫೋಮ್ ಡಬ್ಬಿಗಳನ್ನು ಬಿಡುವುದಾಗಿ ಘೋಷಿಸಿತು. ಆ ಬರ್ಗರೂ ಮರೆಯಾಯಿತು.

ನಮ್ಮ ಹತ್ತಿರದ್ದೇ ನಿದರ್ಶನ ಬೇಕೆಂದರೆ ವಡಾಪಾವ್ ಇದೆ. 1966ರ ಸುಮಾರಿಗೆ ದಾದರ್ ರೈಲು ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಅದನ್ನು ಮಾರತೊಡಗಿದರೆಂಬುದು ಪ್ರಚಲಿತ ಮಾತು. ಬೆಳಗಾವಿ, ಹುಬ್ಬಳ್ಳಿಯ ರಸ್ತೆಗಳಲ್ಲಿ ಅದು ಈಗ ನಮ್ಮದೇ ತಿಂಡಿ. ರೈಲು ಹಿಡಿಯುವ ಅವಸರದ ಜನರಿಗೆ ಕೈಗೆ ಕೊಡುವ ಆ ತಿಂಡಿಯಲ್ಲಿ ಎಲೆಯಿಲ್ಲ, ಟೊಮೆಟೊ ಇಲ್ಲ. ಇರುವುದು ಬೆಳ್ಳುಳ್ಳಿಯ ಒಣ ಚಟ್ನಿಪುಡಿ. ಅದು ಬನ್ನನ್ನು ತೋಯಿಸುವುದಿಲ್ಲ, ಬದಲಿಗೆ ವಡೆಯ ತೇವವನ್ನು ತಾನೇ ಹೀರಿಕೊಂಡು ರುಚಿಯಾಗುತ್ತದೆ.

ಬುತ್ತಿ ಕಟ್ಟುವ ಕೈ

ಕರ್ನಾಟಕದ ಮನೆಗಳಲ್ಲಿ ಈ ವಿದ್ಯೆ ತಲೆಮಾರುಗಳಿಂದ ಇದೆ. ಕಡಕ್ ಜೋಳದ ರೊಟ್ಟಿ ನೋಡಿ. ಅದರಲ್ಲಿ ಕೆಡಲು ಬೇಕಾದ ತೇವವನ್ನೇ ಉಳಿಸಿರುವುದಿಲ್ಲ. ಧಾರವಾಡದ ಹಾಸ್ಟೆಲಿಗೆ ಹೊರಟ ಮಗನ ಚೀಲದಲ್ಲಿ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ವಾರಗಟ್ಟಲೆ ಬಾಳುತ್ತವೆ. ಮೊಸರು ಅಲ್ಲಿ ಹೋದ ಮೇಲೆ ಸಿಕ್ಕರಾಯಿತು.

ಹಳೆ ಮೈಸೂರಿನ ಮೊಸರನ್ನದ ಬುತ್ತಿ ಇನ್ನೂ ಸೂಕ್ಷ್ಮ. ಬೆಳಗ್ಗೆ ಮೆತ್ತನೆಯ ಅನ್ನಕ್ಕೆ ಉಗುರು ಬೆಚ್ಚಗಿನ ಹಾಲು ಹಾಕಿ ಕಲಸಿ, ಒಂದು ಚಮಚ ಮೊಸರು ಸೇರಿಸಿ ಕಟ್ಟುತ್ತಾರೆ. ಪ್ರಯಾಣದ ಹೊತ್ತಿನಲ್ಲೇ ಹಾಲು ಹೆಪ್ಪಾಗುತ್ತ ಬಂದು, ಮಧ್ಯಾಹ್ನ ಬಿಚ್ಚುವಾಗ ಹುಳಿಯಿಲ್ಲದ ಹದವಾದ ಮೊಸರನ್ನ. ಪುಳಿಯೋಗರೆಯೂ ಕಲಸಿದ ಕೂಡಲೇ ಇರುವುದಕ್ಕಿಂತ ನಾಲ್ಕು ಗಂಟೆ ಕಳೆದ ಮೇಲೆ ಹೆಚ್ಚು ರುಚಿ. ಇಲ್ಲಿ ದಾರಿಯ ಹೊತ್ತು ಅಡುಗೆಯನ್ನು ಕೆಡಿಸುವುದಿಲ್ಲ, ಪೂರ್ತಿ ಮಾಡುತ್ತದೆ.

ಚಪಾತಿ ಡಬ್ಬಿಗೆ ಹಾಕುವ ಮೊದಲು ಬಟ್ಟೆಯ ಮೇಲೆ ಹರಡಿ ಆರಿಸುವುದನ್ನು ಅಮ್ಮಂದಿರಿಗೆ ಯಾರೂ ಪುಸ್ತಕದಿಂದ ಕಲಿಸಲಿಲ್ಲ. "ಬಿಸಿ ಇರುವಾಗ ಮುಚ್ಚಬೇಡ, ಬೆವರುತ್ತೆ" ಎನ್ನುತ್ತಿದ್ದರು. ಸಿಂಧನೂರಿನ ಹುಡುಗ ಹೇಳಿದ್ದೂ ಅದನ್ನೇ. ಬಹುಶಃ ಅವನ ಮನೆಯ ಬುತ್ತಿಯಿಂದ ಬಂದ ಮಾತು. ಹೋಟೆಲಿನವರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಬಾಳೆಲೆ ಹಾಸಿ ಮೇಲೆ ಕಾಗದ ಸುತ್ತಿ ಕಟ್ಟಿದರೆ ಎಲೆ ನೀರು ಸೋರಗೊಡುವುದಿಲ್ಲ, ಮಡಿಕೆಗಳ ಸಂದಿಯಿಂದ ಹಬೆ ಹೋಗುತ್ತದೆ. ಚಟ್ನಿ, ಸಾಂಬಾರುಗಳನ್ನು ಬೇರೆಯಾಗಿ ಕಟ್ಟಿಕೊಡುವುದು ದರ್ಶಿನಿಗಳ ಮಾಮೂಲು. ಅವನ್ನು ವಡೆಯ ಮೇಲೆ ಸುರಿದು ಡಬ್ಬಿ ಮುಚ್ಚಿ ಕೊಟ್ಟರೆ ಯಾವ ಗಿರಾಕಿಯೂ ಸುಮ್ಮನಿರುವುದಿಲ್ಲ. ಬರ್ಗರಿನ ವಿಷಯದಲ್ಲಿ ನಾವು ಅದನ್ನೇ ಸಹಿಸಿಕೊಂಡಿದ್ದೇವೆ.

ಬಿಡಿಸಿ ಕಟ್ಟಿದಾಗ

ಮುಂದೆ ಅದೇ ಅಂಗಡಿಗೆ ಹೋದಾಗ ಅದೇ ಹುಡುಗನನ್ನು ಕೇಳಿದೆ: "ಬನ್ನನ್ನ ಬೆಣ್ಣೆ ಹಚ್ಚಿ ಕಾಯಿಸಿ ಬೇರೆ ಸುತ್ತಿ ಕೊಡ್ತೀಯೇನಪ್ಪ? ಪ್ಯಾಟಿ ಬೇರೆ, ತರಕಾರಿ ಬೇರೆ, ಸಾಸು ಬೇರೆ." ಅವನು ನಕ್ಕು, "ಅಷ್ಟ ಏನ್ರಿ ಸರ, ಕೊಡೂಣ" ಎಂದು ಐದೇ ನಿಮಿಷದಲ್ಲಿ ಕಟ್ಟಿಕೊಟ್ಟ. ಬೆಣ್ಣೆಯಲ್ಲಿ ಕೆಂಪಗಾದ ಬನ್ನಿನ ಒಳಮುಖಕ್ಕೆ ನೀರು ಬೇಗ ಇಳಿಯುವುದಿಲ್ಲ. ಕೊಬ್ಬಿನ ಪದರ ಅದನ್ನು ತಡೆಯುತ್ತದೆ. ಮನೆಗೆ ಬಂದು ಪ್ಯಾಟಿಯನ್ನು ಕಾದ ಕಾವಲಿಯ ಮೇಲೆ ಎರಡೂ ಕಡೆ ಬಿಸಿ ಮಾಡಿ ಬರ್ಗರ್ ಕೂಡಿಸಿದೆ. ಹೊರಪದರ ಮತ್ತೆ ಗರಿಗರಿಯಾಯಿತು, ಎಲೆ ಕರಕರ ಎಂದಿತು, ಕೆಳಗಿನ ಬನ್ನು ಕೊನೆಯ ತುತ್ತಿನವರೆಗೂ ಕೈಬಿಡಲಿಲ್ಲ. ಮೆಣಸಿನ ಖಾರದ ಆ ಪ್ಯಾಟಿಯ ಮೇಲೆ ಒಂದು ಗುಟುಕು ಕಾಫಿ ಕುಡಿದಾಗ, ಕಾಫಿ ಶಾಪಿನಲ್ಲಿ ಬರ್ಗರ್ ಯಾಕಿರಬೇಕೆಂಬುದು ನಾಲಿಗೆಗೆ ಗೊತ್ತಾಯಿತು.

ಮನೆಯಲ್ಲಿ ತಿನ್ನುವವರು ಕೆಲವು ಸಂಗತಿ ನೆನಪಿಟ್ಟುಕೊಳ್ಳಬಹುದು. ತಣ್ಣನೆಯ ಪಾನೀಯವನ್ನು ಬರ್ಗರಿನ ಚೀಲದಲ್ಲಿ ಹಾಕಿಸಬೇಡಿ. ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆಯಿರಿ. ಇಡೀ ಬರ್ಗರನ್ನು ಮೈಕ್ರೋವೇವಿಗೆ ತಳ್ಳದೆ ಬಿಡಿಸಿ, ಪ್ಯಾಟಿಯನ್ನು ಮಾತ್ರ ಕಾವಲಿಗೆ ಹಾಕಿ. ಬೆಂದ ಆಹಾರ ಕೋಣೆಯ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಕೋಳಿ, ಮೊಟ್ಟೆ, ಮೇಯನೇಸ್ ಇರುವ ಬರ್ಗರಿಗೆ ಇದು ಮುಖ್ಯ. ಮಧ್ಯಾಹ್ನದ್ದನ್ನು ರಾತ್ರಿಗೆಂದು ಮೇಜಿನ ಮೇಲೆ ಬಿಡಬೇಡಿ.

ಕಾಫಿಗೆ ತೋರುವ ಶ್ರದ್ಧೆ

ಹೆಚ್ಚಿನ ಹೊಣೆ ಅಂಗಡಿಯವರದೇ. ಈ ಹೊಣೆ ಹೊರುವ ಶಕ್ತಿ ಅವರಿಗಿದೆ ಎಂಬುದಕ್ಕೆ ಅವರ ಕಾಫಿಯೇ ಸಾಕ್ಷಿ. ಇಂದಿನ ಒಳ್ಳೆಯ ಕಾಫಿ ಶಾಪಿನಲ್ಲಿ ಬೀಜ ಯಾವ ತೋಟದ್ದು, ಎಷ್ಟು ಎತ್ತರದಲ್ಲಿ ಬೆಳೆದದ್ದು, ಯಾವ ದಿನ ಹುರಿದದ್ದು ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಎಸ್ಪ್ರೆಸೊ ಇಳಿಸುವವರು ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಸುಮಾರು 9 ಬಾರ್ ಒತ್ತಡದಲ್ಲಿ, 90 ಡಿಗ್ರಿ ಮೀರಿದ ಬಿಸಿನೀರಿನಲ್ಲಿ, 25–30 ಸೆಕೆಂಡಿನೊಳಗೆ ಕಾಫಿ ಇಳಿಯಬೇಕೆಂದು ಗಡಿಯಾರ ನೋಡುತ್ತಾರೆ. ಒಂದು ಲೋಟಕ್ಕೆ ಇಷ್ಟು ಶ್ರದ್ಧೆ ಇಡಬಲ್ಲವರಿಗೆ ಡಬ್ಬಿಯ ತೂತು, ಬನ್ನಿನ ಬೆಣ್ಣೆ, ಎಲೆಯ ಜಾಗ ಹೊರೆಯಾಗಲಾರದು.

ಬನ್ನಿಗಾಗಿ ಅವರು ದೂರ ಹೋಗಬೇಕಿಲ್ಲ. ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಈ ಊರಿನ ಬಡಾವಣೆಗಳಲ್ಲೆಲ್ಲ ಬೇಕರಿ ಇಟ್ಟು ತಲೆಮಾರುಗಳೇ ಕಳೆದಿವೆ. ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೇರಿಸಿ ಸುಟ್ಟ ಖಾರಾ ಬನ್ನು ಅವರದು. ಬನ್ನಿನ ನಡುವೆ ಬೆಣ್ಣೆ ಸವರಿ ಖಾರದ ಕಾಂಗ್ರೆಸ್ ಕಡಲೆಬೀಜ ತುಂಬಿ ಕೊಡುವ ವಿ.ವಿ. ಪುರದ ವಿ.ಬಿ. ಬೇಕರಿಯ ಬನ್ನನ್ನು ಕಾಗದದಲ್ಲಿ ಸುತ್ತಿ ಎಷ್ಟು ದೂರ ಒಯ್ದರೂ ಅದರ ಕಡಲೆಬೀಜದ ಕರಕರ ಕುಂದುವುದಿಲ್ಲ. ಆ ದಿನ ಸುಟ್ಟ ಖಾರಾ ಬನ್ನು, ಬೆಣ್ಣೆ ಹಚ್ಚಿ ಕಾಯಿಸಿದ ಒಳಮುಖ, ಹಸಿ ಟೊಮೆಟೊ ಬದಲು ಹುರಿದು ನೀರು ಇಂಗಿಸಿದ ಟೊಮೆಟೊ ಗೊಜ್ಜು, ಎಲೆಯ ಬದಲು ಹುಳಿಗೆ ಹಾಕಿದ ಈರುಳ್ಳಿ, ಪ್ಯಾಟಿಯ ಕೆಳಗೆ ಒಂದು ಚಮಚ ಶೇಂಗಾ ಚಟ್ನಿಪುಡಿ: ಇಂಥ ಬರ್ಗರನ್ನು ಚಿಕ್ಕಮಗಳೂರಿನ ಕಾಫಿಯ ಜೊತೆ ಕಟ್ಟಿಕೊಡುವ ಅಂಗಡಿ ಈ ಊರಿನಲ್ಲಿ ಗೆಲ್ಲದೆ ಇರಲಾರದು. ನಂಜುಂಡಸ್ವಾಮಿ ಅವರು ಎತ್ತಿದ ಪ್ರಶ್ನೆಗೂ ಅಲ್ಲಿ ಒಂದಿಷ್ಟು ಉತ್ತರ ಸಿಕ್ಕೀತು. ಕಡಲೆಬೀಜವೂ ಈರುಳ್ಳಿಯೂ ನಮ್ಮ ರೈತರದೇ.

ಮನೆಗೆ ಒಯ್ದು ತಿನ್ನುವವನು ಅಂಗಡಿಯಲ್ಲಿ ಕೂತವನಷ್ಟೇ ಹಣ ಕೊಡುತ್ತಾನೆ. ದಿನವಿಡೀ ದುಡಿದು ಬಸ್ಸು ಹಿಡಿಯುವ ಮುನ್ನ ಮಕ್ಕಳಿಗೆಂದು ಡಬ್ಬಿ ಕಟ್ಟಿಸಿಕೊಂಡ ತಾಯಿಗೆ, ರಾತ್ರಿ ಪಾಳಿಯ ನರ್ಸಿಗೆ, ಹಾಸ್ಟೆಲಿನ ಹುಡುಗಿಗೆ ಕೂತು ತಿನ್ನುವ ಬಿಡುವಿಲ್ಲ. ಅವರ ಪಾಲಿಗೂ ಒಳ್ಳೆಯ ಬರ್ಗರೇ ಬರಬೇಕು. ಕಾಫಿ ಶಾಪಿನವರು ಒಮ್ಮೆ ತಮ್ಮದೇ ಡಬ್ಬಿಯನ್ನು ಅರ್ಧ ಗಂಟೆ ಮುಚ್ಚಿಟ್ಟು, ಆಮೇಲೆ ತೆರೆದು ತಾವೇ ತಿಂದು ನೋಡಲಿ. ಮೆನುವಿನಲ್ಲಿ ಏನು ಬದಲಿಸಬೇಕೆಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ.